ಜಕ್ಕೂರಿನ ಕೆರೆಯ ಜಮಾ ಖರ್ಚು

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹೆಬ್ಬಾಳವನ್ನು ದಾಟಿ ಸ್ವಲ್ಪ ಮುಂದೆ ಸಾಗಿದರೆ ಬಲಗಡೆಗೆ ಜಕ್ಕೂರು ಸಿಕ್ಕುತ್ತದೆ. ವಿಮಾನ ಹಾರಿಸುವ ವಿದ್ಯೆಯನ್ನು ಕಲಿಸುವ ಶಾಲೆಯಿಂದಾಗಿ ಆ ಊರಿನ ಹೆಸರನ್ನು ಅನೇಕರು ಬಲ್ಲರು. ಅಲ್ಲಿಯೇ ಸುಮಾರು 160 ಎಕರೆ ಹರಡಿಕೊಂಡಿರುವ ಕೆರೆಯನ್ನು ಬಲ್ಲವರು ಅಷ್ಟಿಲ್ಲ. ಯಲಹಂಕದಲ್ಲಿ ಬಹು ವರ್ಷಗಳಿಂದ ಮನೆಮಾಡಿಕೊಂಡಿರುವ ನಾವು ಕೂಡ ಅದನ್ನು ದೂರದಿಂದ ಕಂಡವರೇ ಹೊರತು ಏರಿಯನ್ನು ಹತ್ತಿದವರಲ್ಲ. ಈ ಮಾಘಮಾಸದಲ್ಲಿ ಕೋಲಾರದ ಸೀಮೆಯಿಂದ ನಮ್ಮ ಸೋದರತ್ತೆಯವರು ಬಂದಿದ್ದರು. ಅವರ ನೆಪದಿಂದ ಒಂದು ಭಾನುವಾರ ಬೆಳಗ್ಗೆ ಬುತ್ತಿ ಕಟ್ಟಿಕೊಂಡು, ಹುಡುಗನನ್ನೂ ಕರೆದುಕೊಂಡು ಹೊರಟೆವು. ಬುತ್ತಿಯ ಚೀಲದಲ್ಲಿ ಒಂದು ಬಿಳಿಯ ಪಿಂಗಾಣಿ ತಟ್ಟೆಯೂ ಒಂದು ಉಂಡೆ ಹುರಿಯೂ ಇದ್ದುವು. ಅದೇಕೆಂಬುದನ್ನು ಮುಂದೆ ಹೇಳುತ್ತೇವೆ.

ಏರಿಯ ಮೇಲೆ ನಿಂತಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ನಡುನೀರಿನಲ್ಲಿ ಏಳೆಂಟು ಹೆಜ್ಜಾರ್ಲೆಗಳು ದೊಡ್ಡ ಮನೆತನದ ಹಿರಿಯರಂತೆ ಗಂಭೀರವಾಗಿ ತೇಲುತ್ತಿದ್ದುವು. ನೀರುಕಾಗೆಗಳು ರೆಕ್ಕೆಗಳನ್ನು ಬಿಚ್ಚಿ ಒಣಗಿಸಿಕೊಳ್ಳುತ್ತ ಕುಳಿತಿದ್ದುವು. ಅಂಚಿನ ಜೊಂಡಿನಲ್ಲಿ ನೇರಳೆ ಬಣ್ಣದ ಜಂಬುಕೋಳಿಯೊಂದು ಕೆಂಪು ಕಾಲುಗಳನ್ನು ಎತ್ತಿ ಎತ್ತಿ ಇಡುತ್ತಿದ್ದುದನ್ನು ಕಂಡು ಹುಡುಗನು ಕುಣಿದಾಡಿದನು. ಅತ್ತೆಯವರಿಗೆ ಹಕ್ಕಿಗಳ ಮೇಲೆ ಗಮನವಿರಲಿಲ್ಲ. ಅವರು ಕೋಡಿಯ ಕಡೆ ನೋಡುತ್ತ, “ಮಾಘದಲ್ಲಿ ಇಷ್ಟು ನೀರೆ? ಈ ವರ್ಷ ನಿಮ್ಮಲ್ಲಿ ಅಷ್ಟು ಮಳೆಯಾಯಿತೇನಪ್ಪಾ?” ಎಂದು ಕೇಳಿದರು.

ಕೆರೆಯ ಊರಿನಲ್ಲಿ ಬೆಳೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿಗಳ ಎತ್ತರದ ದಿಣ್ಣೆಯ ಮೇಲಿನ ಊರು. ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ಆದುದರಿಂದಲೇ ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆಗಳನ್ನು ಕಟ್ಟಿ, ಮೇಲಿನದರ ಕೋಡಿ ಕೆಳಗಿನದಕ್ಕೆ ಹರಿಯುವಂತೆ ಮಾಡಿದರು. ಜಕ್ಕೂರಿನ ಕೋಡಿಯ ನೀರು ರಾಚೇನಹಳ್ಳಿಯ ಕೆರೆಗೆ ಹೋಗಿ, ಅಲ್ಲಿಂದ ಹೆಬ್ಬಾಳದ ಕಣಿವೆಯ ಇತರ ನೀರಿನೊಡನೆ ದಕ್ಷಿಣ ಪಿನಾಕಿನಿಯ ಕಡೆಗೆ ಸಾಗುತ್ತದೆ. ಈ ಕೆರೆಗಳೆಲ್ಲ ಮಳೆಯನ್ನು ನಂಬಿದ್ದುವು. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ತಗ್ಗುತ್ತಿದ್ದುವು. “ಶಿವರಾತ್ರಿ ಕಳೆದರೆ ನಮ್ಮೂರ ಕೆರೆಯಂಗಳದಲ್ಲಿ ದನ ಮೇಯುತ್ತಿದ್ದುವು. ಗೋಡು ಹೊಡೆಯಲು ಗಾಡಿಗಳು ಸಾಲುಗಟ್ಟುತ್ತಿದ್ದುವು” ಎಂದರು ಅತ್ತೆಯವರು. ನೀರುಗಂಟಿಯು ತೂಬನ್ನೆತ್ತಿ ಸರದಿಯಂತೆ ಗದ್ದೆಗೆ ನೀರು ಬಿಡುವನು. ನೀರು ತಗ್ಗಿದ ಮೇಲೆ ರೈತನು ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವನು. ಮಳೆಯೊಡನೆ ಒಳಗೆ ಬಂದ ಸಾರವು ಹೀಗೆ ವರ್ಷಕ್ಕೊಮ್ಮೆ ಹೊರಗೆ ಹೋಗುತ್ತಿತ್ತು. ಬತ್ತಿದ ಕೆರೆಯನ್ನು ಕಂಡು ನಗರದವರಾದ ನಾವು ಅಯ್ಯೋ ಎನ್ನುತ್ತೇವೆ. ಅದು ಲೆಕ್ಕದ ಪುಸ್ತಕವನ್ನು ಮುಗಿಸಿ ಹೊಸ ವರ್ಷಕ್ಕೆ ಹೊಸ ಪುಟ ತೆರೆಯುವಂತಹ ಕೆಲಸವೆಂಬುದು ನಮಗೆ ತೋರುವುದಿಲ್ಲ.

ಹಾಗಾದರೆ ಈ ನೀರು ಎಲ್ಲಿಯದು? ಹೇಳಲು ಸ್ವಲ್ಪ ನಾಚಿಕೆಯಾಯಿತು. ಅದು ನಮ್ಮ ಮನೆಯದೇ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಮೇಲಿಂದ ಮೇಲೆ ಪಂಪು ಮಾಡಿ ತಂದ ಕಾವೇರಿಯನ್ನೂ, ಕೊಳವೆಬಾವಿಯಿಂದೆತ್ತಿದ ಅಂತರ್ಜಲವನ್ನೂ ನಗರದವರು ಬಳಸುತ್ತಾರೆ. ಬಳಸಿದುದರಲ್ಲಿ ನೂರಕ್ಕೆ 80ರಷ್ಟು ಕೊಳೆನೀರಾಗಿ ಚರಂಡಿಯನ್ನು ಸೇರುತ್ತದೆಂದು ಲೆಕ್ಕ ಹಾಕುವುದು ವಾಡಿಕೆ. ಯಲಹಂಕದ ಕಡೆಯ ಆ ನೀರು ಜಕ್ಕೂರಿನ ಕೆರೆಯ ಮೇಲ್ಭಾಗದಲ್ಲಿರುವ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ದಿನಕ್ಕೆ 1 ಕೋಟಿ ಲೀಟರಿನ ಸಾಮರ್ಥ್ಯದಿಂದ ಆರಂಭವಾದ ಘಟಕವದು. ಅಲ್ಲಿಂದ ಹೊರಟ ನೀರು ನೇರವಾಗಿ ಕೆರೆಗಿಳಿಯದೆ ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾಯುತ್ತದೆ. ಈ ಜೌಗು ತಾನಾಗಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಜೊಂಡಿನ ಬೇರುಗಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಸಾರಜನಕ ರಂಜಕಗಳನ್ನು ಗಿಡಗಳು ತಮ್ಮ ಊಟಕ್ಕೆ ತೆಗೆದುಕೊಳ್ಳುತ್ತವೆ. ವೇಗ ತಗ್ಗಿದ ನೀರಿನಿಂದ ಮಡ್ಡಿ ತಳಕ್ಕೆ ಕೂರುತ್ತದೆ. ಕಾಫಿಯ ಸೋಸುಕಕ್ಕೆ ಇದನ್ನು ಹೋಲಿಸಬಹುದಾದರೂ ಒಂದು ಭೇದವಿದೆ: ಸೋಸುಕದಲ್ಲಿ ಚರಟ ಉಳಿದರೆ ನಾವು ಎಸೆಯುತ್ತೇವೆ, ಇಲ್ಲಿ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅದು ಅಲ್ಲಿಯೇ ಕೊಳೆತು, ಹೀರಿದುದನ್ನೆಲ್ಲ ನೀರಿಗೆ ಮರಳಿ ಕೊಡುತ್ತದೆ.

ಹರಿಗೋಲಿನಲ್ಲಿ ಬಲೆ ತೆಗೆದುಕೊಂಡು ಬರುತ್ತಿದ್ದ ಮೀನುಗಾರನೊಬ್ಬನನ್ನು ನಾವು ಮಾತಿಗೆಳೆದೆವು. ಈಗ ತಟ್ಟೆಯ ವಿಷಯ. 1865ರಲ್ಲಿ ಸೆಕ್ಕಿ ಎಂಬ ಇಟಲಿಯ ಪಾದ್ರಿ, ಜ್ಯೋತಿರ್ವಿದನೂ ಆಗಿದ್ದವನು, ಬಿಳಿಯ ತಟ್ಟೆಯನ್ನು ಹಗ್ಗದಲ್ಲಿ ಸಮುದ್ರಕ್ಕೆ ಇಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುವುದೆಂದು ಅಳೆದು ನೀರಿನ ತಿಳಿಯನ್ನು ಗೊತ್ತುಮಾಡಿದನು. ಇಂದಿಗೂ ಸರೋವರಗಳನ್ನು ಪರೀಕ್ಷಿಸುವವರು ಆ ಉಪಾಯವನ್ನು ಬಿಟ್ಟಿಲ್ಲ. ನಾವು ತಟ್ಟೆಗೆ ನೆಲುವಿನಂತೆ ಹುರಿ ಕಟ್ಟಿ, ಗೇಣಿಗೊಂದು ಗಂಟು ಹಾಕಿ, ಅವನ ಕೈಗೆ ಕೊಟ್ಟೆವು. ಅವನು ನಕ್ಕನಾದರೂ ತೆಗೆದುಕೊಂಡನು. ಜೌಗಿನ ನೀರು ಕೆರೆಗೆ ಬೀಳುವ ಕಡೆ ಒಂದು ಗೇಣು ಇಳಿಯುವಷ್ಟರಲ್ಲಿ ತಟ್ಟೆ ಮಾಯವಾಯಿತು. ಕೋಡಿಯ ಸಮೀಪದಲ್ಲಿ ಎರಡು ಗೇಣಿಗಿಂತ ತುಸು ಹೆಚ್ಚು ಇಳಿಯಿತು. ಹುಡುಗನಿಗೆ ನಿರಾಶೆ, ತಳದವರೆಗೆ ಕಂಡೀತೆಂದು ಅವನ ಎಣಿಕೆಯಾಗಿತ್ತು.

ನೀರು ಹಸುರಾಗಿದ್ದುದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಿಂದ. ಪಾಚಿಯೆಂದೊಡನೆ ಅಸಹ್ಯಪಡಬೇಕಾಗಿಲ್ಲ, ಹಗಲಿನಲ್ಲಿ ನೀರಿಗೆ ಆಮ್ಲಜನಕವನ್ನು ಒದಗಿಸುವುದು ಅದೇ, ಎಷ್ಟೋ ಮೀನುಗಳಿಗೆ ಆಹಾರವೂ ಅದೇ. ಮಿತಿ ಮೀರಿದರೆ ಕಷ್ಟ. ರಾತ್ರಿ ಬೆಳಕಿಲ್ಲದಾಗ ಅದೂ ಉಸಿರಾಡುತ್ತದೆ, ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ವೆಚ್ಚವಾಗುತ್ತದೆ. “ಬೆಳಗಿನ ಜಾವ ಮೀನು ಬಾಯಿ ಮೇಲೆತ್ತಿಕೊಂಡು ಬಂದರೆ ನಮಗೆ ಎದೆ ನಡುಗುತ್ತದೆ, ಸ್ವಾಮಿ. ಹೊತ್ತು ಹುಟ್ಟುವವರೆಗೆ ಉಳಿದರೆ ಉಳಿಯಿತು” ಎಂದನು ಮೀನುಗಾರ. ಹಲಸೂರಿನ ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುದನ್ನು ವಾಚಕರು ಮರೆತಿರಲಾರರು. ಇವನ ಬುಟ್ಟಿಯಲ್ಲಿ ಅಂದು ಕಾಟ್ಲವೂ ಜಿಲೇಬಿಯೂ ಇದ್ದುವು. ನಾವು ಮೀನು ತಿನ್ನುವವರಲ್ಲ. ಆದರೂ ಆ ಬುಟ್ಟಿಯನ್ನು ಗೌರವದಿಂದಲೇ ನೋಡಿದೆವು. ನಮ್ಮ ಅಡಿಗೆಮನೆಯಿಂದ ಹೋದ ಸಾರವು ಪಾಚಿಯಾಗಿ, ಮೀನಾಗಿ, ಕೆರೆಯನ್ನು ಬಿಟ್ಟು ಹೊರಡುತ್ತಿತ್ತು. ಗೋಡು ಹೊಡೆಯುವ ಗಾಡಿಗಳಿಲ್ಲದ ಈ ಕಾಲದಲ್ಲಿ ಖರ್ಚಿನ ಕಲಮನ್ನು ತುಂಬುತ್ತಿರುವವನು ಅವನೇ.

ಜಮೆ ಮಾತ್ರ ಏರುತ್ತ ಹೋಗಿ ಖರ್ಚೇ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಗರದ ಇನ್ನೊಂದು ಮಗ್ಗುಲಿನ ಬೆಳ್ಳಂದೂರು ಸಾಕ್ಷಿ. ಜಕ್ಕೂರಿಗಿಂತ ಐದಾರುಪಟ್ಟು ದೊಡ್ಡದಾದ ಆ ಕೆರೆಗೆ ಶುದ್ಧವಾಗದ ಕೊಳೆನೀರು ದಶಕಗಳ ಕಾಲ ಹರಿಯಿತು. ದಕ್ಷಿಣ ಅಮೆರಿಕದಿಂದ ಬಂದ ನೇರಳೆ ಹೂವಿನ ಅಂತರಗಂಗೆ ನೀರನ್ನು ಮುಚ್ಚಿತು. ಕೋಡಿಯಲ್ಲಿ ಧುಮುಕುವ ನೀರಿನೊಡನೆ ಬಟ್ಟೆ ಪಾತ್ರೆಗಳ ಸಾಬೂನಿನ ಅಂಶವು ಕಡೆದು ನೊರೆಯಾಗಿ, 2015ರಲ್ಲಿ ರಸ್ತೆಯವರೆಗೆ ಹಾರಿತು. ಆ ವರ್ಷವೂ, 2017ರಲ್ಲಿಯೂ ಕೆರೆಗೆ ಬೆಂಕಿ ಬಿದ್ದಿತು. 2018ರ ಜನವರಿಯಲ್ಲಿ ಉರಿದಾಗ ಆರಿಸಲು ಸೈನಿಕರು ಬರಬೇಕಾಯಿತು. ಆಮೇಲೆ ಹಸುರು ನ್ಯಾಯಾಧಿಕರಣದ ಆಜ್ಞೆಯಂತೆ ನೀರನ್ನು ತಿರುಗಿಸಿ ಹೂಳೆತ್ತುವ ಕೆಲಸ ಮೊದಲಾಯಿತು. ಒಮ್ಮೆಗೇ ಅಷ್ಟು ವರ್ಷಗಳ ಬಾಕಿ ತೀರಿಸುವುದು ಸುಲಭವೆ?

ಇದನ್ನೆಲ್ಲ ಕೇಳಿಕೊಂಡಿದ್ದ ಅತ್ತೆಯವರು ಬುತ್ತಿ ಬಿಚ್ಚುವಾಗ, “ನಮ್ಮ ಕಡೆಯ ಕೆರೆಗಳಿಗೂ ನಿಮ್ಮೂರಿನ ನೀರನ್ನೇ ತಂದು ತುಂಬಿದ್ದಾರಲ್ಲ?” ಎಂದರು. ಹೌದು, ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಏರಿಸಲಾಗಿದೆ. ಬತ್ತಿದ್ದ ಕೊಳವೆಬಾವಿಗಳಿಗೆ ಜೀವ ಬಂದಿತೆಂದು ಸಂತೋಷಪಟ್ಟ ರೈತರೂ ಉಂಟು, ಮೂರನೆಯ ಹಂತದ ಶುದ್ಧಿಯಾಗದೆ ನೀರು ಬರಕೂಡದೆಂದು ವಾದಿಸಿದವರೂ ಉಂಟು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆಯೆಂದು ನಮ್ಮ ಅಭಿಪ್ರಾಯ. ಅತ್ತೆಯವರು ಆ ಚರ್ಚೆಗೆ ಇಳಿಯಲಿಲ್ಲ. “ನೀರು ಬಂದದ್ದು ಒಳ್ಳೆಯದೇ. ಆದರೆ ಕೆರೆ ಒಣಗುವುದೇ ಇಲ್ಲವಾದರೆ ಗೋಡು ಹೊಡೆಯುವುದು ಯಾವಾಗ?” ಎಂದು ಮಾತ್ರ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದ ಮೇಲೆ ಅವರು ಆ ತಟ್ಟೆಯನ್ನು ಅಡಿಗೆಮನೆಯೊಳಕ್ಕೆ ಸೇರಿಸಲಿಲ್ಲ. ಅದು ಗಂಟು ಹಾಕಿದ ಹುರಿಯೊಡನೆ ಹಿತ್ತಲಿನ ಗೋಡೆಯ ಮೊಳೆಗೆ ತೂಗುತ್ತಿದೆ. ಆಷಾಢದ ಮಳೆ ಬಿದ್ದ ಮೇಲೆ ಇನ್ನೊಮ್ಮೆ ಇಳಿಸಿ ನೋಡಬೇಕೆಂದು ಹುಡುಗನು ಪಂಚಾಂಗದಲ್ಲಿ ಗುರುತು ಹಾಕಿಟ್ಟಿದ್ದಾನೆ.