ಟ್ರಿನಿಡಾಡ್‌ನಲ್ಲಿ ಒಬ್ಬಂಟಿ ಮಗಳು

ಸಹೋದರಿಯರೇ, ದುಡಿಯಲೆಂದು ಒಬ್ಬಂಟಿಯಾಗಿ ಕೆರಿಬಿಯನ್ ದ್ವೀಪಕ್ಕೆ ಹೋದವಳ ದಿನವನ್ನು ಊಹಿಸಿಕೊಳ್ಳಿ. ಟ್ರಿನಿಡಾಡ್‌ನಲ್ಲಿ ಫಜ್ರ್ ನಮಾಝ್ ಮುಗಿಸಿ ಅವಳು ತಾಯಿಗೆ ಫೋನ್ ಮಾಡುವಾಗ ಇಲ್ಲಿ ಮಧ್ಯಾಹ್ನದ ಊಟದ ಪಾತ್ರೆ ತೊಳೆದಾಗಿರುತ್ತದೆ. ಒಂಬತ್ತೂವರೆ ತಾಸಿನ ಅಂತರ. ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವರಿಲ್ಲ.

ಆದರೂ ಆ ನೆಲ ತೀರಾ ಪರಕೀಯವಲ್ಲ. 1845ರ ಮೇ 30ರಂದು 'ಫತೆಲ್ ರಝಾಕ್' ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಕಬ್ಬಿನ ತೋಟದ ಕೂಲಿಗೆಂದು ಅಲ್ಲಿ ಇಳಿಸಿತು. 1917ರವರೆಗೆ ಬಂದ ಇಂತಹ ಹಡಗುಗಳಲ್ಲಿ ಜೊತೆಗಾರರಿಲ್ಲದ ಮಹಿಳೆಯರೂ ಅನೇಕರಿದ್ದರು. ಹೆಚ್ಚಿನವರು ಊರಿಗೆ ಮರಳಲೇ ಇಲ್ಲ. ಇಂದು ಅಲ್ಲಿ ಈದುಲ್ ಫಿತ್ರ್‌ಗೆ ಸರಕಾರಿ ರಜೆಯಿದೆ. ರೊಟ್ಟಿ, ಕಡಲೆ ಬೀದಿಯಲ್ಲೇ ಸಿಗುತ್ತವೆ.

ಸಿಗದಿರುವುದು ಮನೆಯವರ ಮಾತು. ಅವಳಿಗೆ ನೀವೇ ಫೋನ್ ಮಾಡಿ. ಹಣ ಕಳಿಸಿದೆಯಾ ಎನ್ನುವ ಮೊದಲು, ಊಟವಾಯಿತೇ ಮಗಳೇ ಎಂದು ಕೇಳಿ.