ಹ್ಯಾರಿ ಪ್ಯಾಚ್ ಬಿಚ್ಚಿದ ಗಂಟು

ದಾನಿಯೆಂದರೆ ಉಳ್ಳದ್ದನ್ನು ಇಲ್ಲದವರಿಗೆ ಕೊಡುವವನೆಂಬುದು ಲೋಕರೂಢಿಯ ಅರ್ಥ. ಆದರೆ ಸುಮಾರು ಎಂಬತ್ತು ವರ್ಷ, ಕಟ್ಟಿಕೊಂಡ ಹೆಂಡತಿಯ ಮುಂದೆಯೂ, ಬಿಚ್ಚದ ನೆನಪಿನ ಗಂಟನ್ನು ನೂರರ ವಯಸ್ಸಿನಲ್ಲಿ ಊರಿನ ಮುಂದೆ ಬಿಚ್ಚಿಟ್ಟ ಇಂಗ್ಲೆಂಡಿನ ಹ್ಯಾರಿ ಪ್ಯಾಚ್ ಅವರ ಕೊಡುಗೆ ಈ ಅರ್ಥದೊಳಗೆ ಸುಲಭವಾಗಿ ಹಿಡಿಯುವಂಥದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಪಶ್ಚಿಮ ರಣರಂಗದ ಕಂದಕಗಳಲ್ಲಿ, ಎಂದರೆ ಸೈನಿಕರು ಗುಂಡಿನಿಂದ ಮರೆಯಾಗಲು ನೆಲ ಅಗೆದು ಮಾಡಿಕೊಂಡ ಆಳವಾದ ಕಾಲುವೆಗಳಲ್ಲಿ, ಕಾದಾಡಿದವರ ಪೈಕಿ ಕೊನೆಗೆ ಉಳಿದವರು ಅವರೇ ಎಂದು ಇತಿಹಾಸ ಅವರನ್ನು ಗುರುತಿಸುತ್ತದೆ.

ಸಾಮರ್‌ಸೆಟ್ ಪ್ರಾಂತ್ಯದ ಬಾತ್ ನಗರದ ಪಕ್ಕದ ಕೂಂಬ್ ಡೌನ್ ಎಂಬ ಹಳ್ಳಿಯಲ್ಲಿ 1898ರ ಜೂನ್ 17ರಂದು ಹುಟ್ಟಿ, ಪ್ಲಂಬರ್ ಕೆಲಸ ಕಲಿಯುತ್ತಿದ್ದ ಈ ತರುಣ ಸೈನ್ಯಕ್ಕೆ ಸೇರಿದ್ದು ಇಷ್ಟಪಟ್ಟಲ್ಲ, 1916ರಲ್ಲಿ ಬ್ರಿಟನ್ ಜಾರಿಗೆ ತಂದ ಕಡ್ಡಾಯ ಭರ್ತಿಯ ಕಾನೂನಿನಿಂದ. ಅವರ ಪಾಲಿಗೆ ಬಂದದ್ದು ಲೂಯಿಸ್ ಗನ್, ಎಂದರೆ ಮೇಲೆ ತಟ್ಟೆಯಂಥ ಗುಂಡಿನ ಪೆಟ್ಟಿಗೆಯಿದ್ದು ಒಬ್ಬನೇ ಹೊತ್ತೊಯ್ಯಬಹುದಾದ, ಆದರೆ ಒಬ್ಬನೇ ನಿಭಾಯಿಸಲಾಗದ ಹಗುರ ಮಷಿನ್‌ಗನ್. ಐವರ ತಂಡದಲ್ಲಿ ಎರಡನೆಯವರಾಗಿ ಬಿಡಿಭಾಗ ಹೊರುವುದು, ಗುಂಡಿನ ತಟ್ಟೆ ಬದಲಿಸುವುದು ಅವರ ಕೆಲಸವಾಗಿತ್ತು. ಮನೆಯಿಂದ ಯಾರಿಗೆ ಪೊಟ್ಟಣ ಬಂದರೂ ಅದು ಐವರದೂ ಆಗುತ್ತಿತ್ತು. ಅದಕ್ಕಿಂತ ದೊಡ್ಡ ಹಂಚಿಕೆಯೆಂದರೆ, ತೀರ ಅನಿವಾರ್ಯವಾಗದ ಹೊರತು ಯಾರನ್ನೂ ಕೊಲ್ಲಬಾರದು, ಗುರಿ ಕಾಲಿಗಿರಲಿ ಎಂದು ಅವರು ತಮ್ಮತಮ್ಮಲ್ಲೇ ಮಾಡಿಕೊಂಡ ಕರಾರು. ಸೇನಾ ಶಿಸ್ತಿನ ಕಣ್ಣಿಗೆ ಇದು ಅಪರಾಧವಾಗಿ ಕಂಡೀತು; ಎದುರು ಕಂದಕದಲ್ಲಿದ್ದವನ ತಾಯಿಯ ಕಣ್ಣಿಗೆ ಹೇಗೆ ಕಂಡೀತೆಂಬುದು ಬೇರೆ ಮಾತು.

ಬೆಲ್ಜಿಯಮ್ಮಿನ ಕೆಸರಿನಲ್ಲಿ ನಡೆದ ಪ್ಯಾಶನ್‌ಡೇಲ್ ಕದನದಲ್ಲಿ, 1917ರ ಸೆಪ್ಟೆಂಬರ್ 22ರ ರಾತ್ರಿ ಸಿಡಿದ ಒಂದು ಶೆಲ್ ಆ ತಂಡದ ಮೂವರನ್ನು ಕೊಂದಿತು, ಪ್ಯಾಚ್ ಗಾಯಗೊಂಡು ಊರಿಗೆ ಮರಳಿದರು. ಆಮೇಲೆ ನಲ್ಲಿ, ಕೊಳವೆಗಳ ಕಸುಬು, ಸಂಸಾರ, ಎರಡನೆಯ ಯುದ್ಧದಲ್ಲಿ ಬಾತ್‌ನ ಮೇಲೆ ಬಾಂಬು ಬಿದ್ದಾಗ ಅಗ್ನಿಶಾಮಕ ದಳದ ಕೆಲಸ, ನಿವೃತ್ತಿ. ಸತ್ತವರನ್ನು ನೆನೆಯಲು ನಾಡು ನವೆಂಬರ್ 11ನ್ನು ಇಟ್ಟುಕೊಂಡಿದ್ದರೆ, ಅವರು ಸೆಪ್ಟೆಂಬರ್ 22ನ್ನು ಇಟ್ಟುಕೊಂಡರು, ಯಾರಿಗೂ ಹೇಳಲಿಲ್ಲ.

1998ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರದವರು ಬಂದು ಕೇಳಿದ ಮೇಲೆ ಕಟ್ಟು ಸಡಿಲವಾಯಿತು, ಸಡಿಲವಾದ ಮೇಲೆ ಕೇಳಿದವರಿಗೆಲ್ಲ ಹಂಚಿಕೆಯಾಯಿತು. 2004ರಲ್ಲಿ ಜರ್ಮನ್ ಸೈನ್ಯದಲ್ಲಿದ್ದ, 107ರ ಶಾರ್ಲ್ ಕುಂಟ್ಸ್ ಅವರನ್ನು ಪ್ಯಾಚ್ ಬೆಲ್ಜಿಯಮ್ಮಿನಲ್ಲಿ ಭೇಟಿಯಾದಾಗ ಇಬ್ಬರು ಮುದುಕರು ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟುಕೊಂಡರು: ಇವರದು ಸಾಮರ್‌ಸೆಟ್ಟಿನ ಸೈಡರ್, ಅಂದರೆ ಸೇಬಿನ ಮದ್ಯ, ಅವರದು ತಮ್ಮ ನಾಡಾದ ಅಲ್ಸಾಸಿನ ಬಿಸ್ಕತ್ತು. ನೆರೆಮನೆಗೆ ಹೋಗುವಾಗ ಬರಿಗೈಲಿ ಹೋಗಬಾರದೆಂಬ ಹಳ್ಳಿಯ ಮರ್ಯಾದೆಯೇ ಇದೂ.

2007ರಲ್ಲಿ ಇತಿಹಾಸಕಾರ ರಿಚರ್ಡ್ ವಾನ್ ಎಮ್‌ಡನ್ ಅವರ ಜೊತೆಗೂಡಿ ಬರೆದ ಆತ್ಮಕಥೆ ಹೊರಬಂದಾಗ, ಅದರ ಗಳಿಕೆಯ ಒಂದು ಭಾಗ ಕಡಲಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ, ಬಹುಮಟ್ಟಿಗೆ ಸ್ವಯಂಸೇವಕರಿಂದಲೇ ನಡೆಯುವ, 1824ರಷ್ಟು ಹಳೆಯ ಜೀವರಕ್ಷಕ ದೋಣಿ ಸಂಸ್ಥೆಗೆ ಹೋಗಿ, ಒಂದು ದೋಣಿಯಾಯಿತು. ತಾವಿದ್ದ ವೃದ್ಧಾಶ್ರಮದ ಗೆಳತಿಯ ಹೆಸರನ್ನು ಮುಂದಿಟ್ಟು ತಮ್ಮದನ್ನು ಹಿಂದಿಟ್ಟು ಅದಕ್ಕೆ ‘ದಿ ಡೋರಿಸ್ ಆ್ಯಂಡ್ ಹ್ಯಾರಿ’ ಎಂದು ಹೆಸರಾಯಿತು. ನೀರಿನ ಕೊಳವೆ ಜೋಡಿಸಿ ಬದುಕಿದವರ ದುಡ್ಡು ಹೋಗಿ ನೀರಿಗೇ ಸೇರಿತೆನ್ನಬೇಕು. ಮರುವರ್ಷ, ಅವರ ಪಡೆ 1917ರಲ್ಲಿ ದಾಟಿದ್ದ ಬೆಲ್ಜಿಯಮ್ಮಿನ ಸ್ಟೀನ್‌ಬೇಕ್ ಹಳ್ಳದ ದಂಡೆಯಲ್ಲಿ ಸತ್ತ ಸಂಗಾತಿಗಳಿಗಾಗಿ ಒಂದು ಸ್ಮಾರಕಶಿಲೆ ನಿಂತಿತು. ಅದು 29295 ನಂಬರಿನ ಸಿಪಾಯಿ ಪ್ಯಾಚ್ ಅವರ ಕಾಣಿಕೆಯೆಂದು ಆ ಕಲ್ಲೇ ಹೇಳುತ್ತದೆ.

2009ರ ಜುಲೈ 25ರಂದು 111ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ವೆಲ್ಸ್ ಪಟ್ಟಣದ ಪ್ರಧಾನ ಚರ್ಚಿನಲ್ಲಿ ನಡೆದ ಅಂತ್ಯಕ್ರಿಯೆಗೆ, ಅಲಂಕಾರಕ್ಕೆಂದು ಸಹ, ಬಂದೂಕು ಕತ್ತಿಗಳನ್ನು ತರಗೊಡಲಿಲ್ಲ. ಶವಪೆಟ್ಟಿಗೆಯ ಜೊತೆ ಬೆಲ್ಜಿಯಂ, ಫ್ರಾನ್ಸ್‌ಗಳ ಸೈನಿಕರೂ ಜರ್ಮನಿಯ ಸೈನಿಕರೂ ಬರಿಗೈಯಲ್ಲಿ ನಡೆದರು.