ಕೆಂಪಾಪುರದ ಹಾದಿಯಲ್ಲಿ ಒಂದು ಬೀಳ್ಕೊಡುಗೆ

ಸಹೋದರಿ, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಯಾರನ್ನಾದರೂ ಬೀಳ್ಕೊಡಲು ಹೋಗಿದ್ದರೆ ನೀವು ಬಹುಶಃ ಕೆಂಪಾಪುರದ ಪಕ್ಕದಲ್ಲೇ ಹಾದು ಹೋಗಿರುತ್ತೀರಿ. ಹೆಬ್ಬಾಳ ಮೇಲ್ಸೇತುವೆಯ ಮಗ್ಗುಲಿನ ಈ ಊರು ಈಗ ಕಾಲೇಜುಗಳ, ಪಿ.ಜಿ.ಗಳ, ಬಾಡಿಗೆ ಮನೆಗಳ ಬಡಾವಣೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಪೆಟ್ಟಿಗೆ ಹೇರಿಕೊಂಡ ಟ್ಯಾಕ್ಸಿಗಳಿಗೆ ಇಲ್ಲಿ ಹಗಲಿಲ್ಲ, ಇರುಳಿಲ್ಲ.

ನಾನು ಹೇಳಹೊರಟ ವಿದಾಯ ಅದಕ್ಕೂ ಮೊದಲಿನದು. ಕೆಂಪಾಪುರದಿಂದ ಸ್ವಲ್ಪವೇ ದೂರದಲ್ಲಿ, ಬಳ್ಳಾರಿ ರಸ್ತೆಯ ಮೇಲೆ ಬ್ಯಾಪ್ಟಿಸ್ಟ್ ಆಸ್ಪತ್ರೆಯಿದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಶನರಿಗಳು 1973ರಲ್ಲಿ 80 ಹಾಸಿಗೆಗಳೊಂದಿಗೆ ಅದನ್ನು ಆರಂಭಿಸಿದರು. ಮರುವರ್ಷ ಟೆಕ್ಸಾಸ್‌ನಿಂದ ಡಾ. ರೆಬೆಕಾ ನೈಲರ್ ಎಂಬ ಶಸ್ತ್ರವೈದ್ಯೆ ಬಂದರು. ಹೆಣ್ಣೊಬ್ಬಳು ಸರ್ಜನ್ ಆಗುವುದು ಅವರ ನಾಡಿನಲ್ಲೂ ಅಪರೂಪವಾಗಿದ್ದ ಕಾಲವದು. ಬಂದವರು ಇಲ್ಲಿದ್ದದ್ದು ಸುಮಾರು 28 ವರ್ಷ.

ಅವರು ಬಂದದ್ದು ತಮ್ಮ ಧರ್ಮದ ಸಂದೇಶದೊಂದಿಗೇ. ಆ ಬಗ್ಗೆ ನಮ್ಮ ನಿಲುವು ನಮಗಿರಲಿ. ಅವರು ಹೊರಟ ರೀತಿಯನ್ನು ಮಾತ್ರ ನೋಡಬೇಕು.

ಈಗ ಸೇವೆಗೆಂದು ಹದಿನೈದು ದಿನಗಳ ಮಟ್ಟಿಗೆ ಪರದೇಶಕ್ಕೆ ಹೋಗಿಬರುವವರಿದ್ದಾರೆ. ಕೊನೆಯ ದಿನ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಫೋಟೋ, ಅಪ್ಪುಗೆ, ಅಳು, ಮತ್ತೆ ಬರುತ್ತೇವೆಂಬ ಮಾತು. ಆ ಕಣ್ಣೀರು ಸುಳ್ಳು ಎನ್ನಲಾರೆ. ಆದರೆ ಅವರು ವಿಮಾನ ಹತ್ತಿದ ಮರುದಿನ ಅದೇ ಮಗುವಿಗೆ ಜ್ವರ ಬಂದರೆ ನೋಡುವವರು ಯಾರು? ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಅಂಥ ಪ್ರವಾಸದಿಂದ ಮರಳಿದರೆ ಫೋಟೋಗಳನ್ನೆಲ್ಲ ನೋಡಿ, ಚಹಾ ಕೊಟ್ಟು, ಆಮೇಲೆ ಇದೊಂದನ್ನು ಕೇಳಿ: ನೀನು ಅಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ?

ಹೆಬ್ಬಾಳದಲ್ಲಿ ಈ ಪ್ರಶ್ನೆಗೆ ಬಹಳ ಮುಂಚೆಯೇ ಉತ್ತರ ಹುಡುಕಬೇಕಾಯಿತು. ಮಿಶನರಿಗಳಿಗೆ ವೀಸಾ ಸಿಗುವುದು ಕಷ್ಟವಾಗುತ್ತ ಬಂದಿತ್ತು. 1989ರಲ್ಲಿ ಆಸ್ಪತ್ರೆಯ ಆಡಳಿತವನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ವಹಿಸಲಾಯಿತು. ಡಾಕ್ಟರಮ್ಮ ಆಗಲೇ ಗಂಟುಮೂಟೆ ಕಟ್ಟಲಿಲ್ಲ. ಬೇರೆಯವರ ಆಡಳಿತದಲ್ಲಿ ಇನ್ನೂ 13 ವರ್ಷ ಇದ್ದರು. ಬೀಗದ ಕೈಯನ್ನು ಸೊಸೆಯ ಕೈಗಿತ್ತು ಅದೇ ಮನೆಯಲ್ಲಿ ಸುಮ್ಮನೆ ಬಾಳುವುದು ಎಷ್ಟು ಕಷ್ಟವೆಂದು ನಮ್ಮ ಅತ್ತೆಯಂದಿರನ್ನು ಕೇಳಬೇಕು! 1996ರಲ್ಲಿ ಅಲ್ಲಿ ನರ್ಸಿಂಗ್ ಶಾಲೆಯೂ ಆರಂಭವಾಯಿತು. ಅದಕ್ಕೆ ಅವರದೇ ಹೆಸರು.

2002ರಲ್ಲಿ ಅವರು ಅಮೆರಿಕಕ್ಕೆ ಮರಳಿದರು. ಅಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಬೇಕಿತ್ತು. ಸಾವಿರ ಮೈಲಿಗಳಾಚೆ ಎಷ್ಟೇ ದೊಡ್ಡ ಕೆಲಸವಿದ್ದರೂ ತಾಯಿಯ ಮುಪ್ಪು ಕರೆದಾಗ ಹೋಗಲೇಬೇಕಲ್ಲ. ಆ ಹೊತ್ತಿಗೆ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಲು ಇಲ್ಲಿನ ಡಾಕ್ಟರುಗಳಿದ್ದರು, ವಾರ್ಡಿನಲ್ಲಿ ಇಲ್ಲೇ ಕಲಿತ ನರ್ಸುಗಳಿದ್ದರು.

ಇಂದು ಆ ಆಸ್ಪತ್ರೆಯಲ್ಲಿ 300ಕ್ಕೂ ಹೆಚ್ಚು ಹಾಸಿಗೆಗಳಿವೆ. ಔಷಧಿ ಚೀಟಿ ಹಿಡಿದು, ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೇಟಿನಿಂದ ಹೊರಬರುವವರಲ್ಲಿ ಬುರ್ಖಾ ತೊಟ್ಟ ನಮ್ಮ ಸಹೋದರಿಯರೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಆ ಡಾಕ್ಟರಮ್ಮನ ಹೆಸರು ಗೊತ್ತಿರಲಿಕ್ಕಿಲ್ಲ.